ಕುದುರೆ ವೆಲ್ಡಿಂಗ್ ಮಾಡುವುದಿಲ್ಲ

ಕುದುರೆ ಸಾರೋಟಿನಲ್ಲೇ ಓಡಾಡುವ ಕ್ರೈಸ್ತ ಪಂಗಡವಾದ ಆಮಿಶ್ ಕೆಲಸಗಾರರ ಹತ್ತಿರ ಚರ್ಮದ ಏಪ್ರನ್ ಹೊಲಿಸಿಕೊಳ್ಳಬೇಕೆಂಬ ಆಸೆ ಅಮೆರಿಕದ ಗ್ಯಾರೇಜ್ ವೆಲ್ಡರುಗಳಿಗೆ ಹುಟ್ಟುವುದು ಸಾಮಾನ್ಯವಾಗಿ ಅಂಗಡಿಯಿಂದ ತಂದ ಎರಡನೇ ಏಪ್ರನ್ನೂ ಹೊಲಿಗೆ ಬಿಟ್ಟ ಮೇಲೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲೋ ಓಹಾಯೊದ ಹೋಮ್ಸ್ ಕೌಂಟಿಯಲ್ಲೋ ಕುದುರೆ ಸಜ್ಜು ಹೊಲಿಯುವ ಅಂಗಡಿಗಳು ಬೇಕಾದಷ್ಟಿವೆ. ಫಿಲಡೆಲ್ಫಿಯಾದ ಕನ್ನಡಿಗರಿಗೆ ಮೊದಲನೆಯದು, ಕೊಲಂಬಸ್ಸಿನವರಿಗೆ ಎರಡನೆಯದು ಎರಡು ಗಂಟೆಯೊಳಗಿನ ದಾರಿ. ಸಾರೋಟು ಎಳೆಯುವ ಕುದುರೆಯ ಪಟ್ಟಿ ವರ್ಷಗಟ್ಟಲೆ ಬಾಳುತ್ತದೆ ಅಂದಮೇಲೆ ಅದೇ ಕೈ ಹೊಲಿದ ಏಪ್ರನ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು ಎಂಬುದು ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಕೈಗೆ ಗೊತ್ತಿರುವ ಗಿರಾಕಿ ಕುದುರೆ. ಕುದುರೆ ವೆಲ್ಡಿಂಗ್ ಮಾಡುವುದಿಲ್ಲ.

ಗಿರಾಕಿ ಅಂಗಡಿಗೆ ಹೋಗಿ ಆಡುವ ಮೊದಲ ಮಾತೇ ಅವನಿಗೆ ಮುಳುವಾಗುತ್ತದೆ: “ನಿಮ್ಮ ಹತ್ತಿರ ಇರೋದರಲ್ಲೇ ಒಳ್ಳೇ ಚರ್ಮ ಹಾಕಿ.” ಅವರು ಹಾಕುತ್ತಾರೆ. ಸಜ್ಜಿನವರ ಮನೆಯ ಒಳ್ಳೇ ಚರ್ಮ ಅಂದರೆ ಮರದ ತೊಗಟೆಯ ಕಷಾಯದಲ್ಲಿ ಹದ ಮಾಡಿ, ಎಣ್ಣೆ, ಕೊಬ್ಬು, ಮೇಣ ಕುಡಿಸಿದ, ನಾಲ್ಕೈದು ಮಿಲಿಮೀಟರ್ ದಪ್ಪದ ಚರ್ಮ. ನಮ್ಮ ಕಡೆ ಹಿಂದೆ ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಿದ್ದರಲ್ಲ, ಅದೇ ಜಾತಿ. ಎಳೆತಕ್ಕೆ ಅದನ್ನು ಮೀರಿಸಿದ್ದಿಲ್ಲ. ಬಿಸಿಗೆ ಮಾತ್ರ ಅದು ಶುದ್ಧ ಹೇಡಿ. ಒದ್ದೆಯಾಗಿದ್ದಾಗ 70ರಿಂದ 85 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಸಾಕು, ಮುದುಡಿ ಗಟ್ಟಿಯಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನುಮಾನವಿದ್ದರೆ ಒಂದು ಚೂರು ಕೇಳಿ ತಂದು ಎರಡು ನಿಮಿಷ ಕುದಿಸಿ ನೋಡಿ. ಹಪ್ಪಳದಂತೆ ಸುರುಟಿಕೊಂಡರೆ ಅದು ಕುದುರೆಗೆ, ಹಾಗೇ ಉಳಿದರೆ ನಿಮಗೆ. (ಅಡುಗೆಮನೆಯ ಪಾತ್ರೆ ಬಳಸಿದರೆ ಮುಂದಾಗುವುದಕ್ಕೆ ಈ ಬರಹ ಹೊಣೆಯಲ್ಲ.)

ಒಳ್ಳೇ ಚರ್ಮದ ಏಪ್ರನ್ ಮನೆಗೆ ಬಂದ ದಿನ ಅದರ ಗತ್ತೇ ಬೇರೆ. ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತದೆ. ಹಾಕಿಕೊಂಡವನೂ ನಿಂತೇ ಇರಬೇಕು, ಬಗ್ಗುವಂತಿಲ್ಲ. ಮೊದಲ ವಾರ ಕಿಡಿ ಬಿದ್ದ ಕಡೆಯೆಲ್ಲ ಗಂಟುಗಂಟು, ಕುಡಿಸಿದ್ದ ಎಣ್ಣೆಯ ಹೊಗೆ ಬೇರೆ. ಹೊಲಿದವರನ್ನು ಬೈಯುವ ಹಾಗಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದಾರೆ, ಅದೂ ಹೇಳಿದ ದಿನವೇ.

ಕೇಳಬೇಕಾದದ್ದು ಇದು: ಕ್ರೋಮ್ ಹದದ ಹಸುವಿನ ಚರ್ಮ, ಸ್ಪ್ಲಿಟ್, ಮೂರರಿಂದ ನಾಲ್ಕು ಔನ್ಸ್. ಅಮೆರಿಕದಲ್ಲಿ ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುವುದು ವಾಡಿಕೆ. ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಪಾಲು, ಸುಮಾರು 0.4 ಮಿಲಿಮೀಟರ್. ಸ್ಪ್ಲಿಟ್ ಅಂದರೆ ಮೇಲಿನ ನುಣುಪು ಪದರವನ್ನು ಶೂ, ಬ್ಯಾಗಿನವರಿಗೆ ಸೀಳಿ ಕೊಟ್ಟ ಮೇಲೆ ಉಳಿಯುವ ಒರಟು ಪದರ. ಸಜ್ಜಿನವರ ಕಣ್ಣಿಗೆ ಅದು ಕಸ. “ಇದನ್ನಾ?” ಎಂದು ಮೂಗು ಮುರಿದರೆ ನೀವು ಸರಿಯಾದದ್ದನ್ನೇ ಕೇಳಿದ್ದೀರಿ ಎಂದರ್ಥ. ತಲೆಯ ಮೇಲ್ಗಡೆ ವೆಲ್ಡ್ ಮಾಡುವವರು ಭುಜಕ್ಕೆ ಮಾತ್ರ ಇನ್ನೊಂದು ಔನ್ಸ್ ದಪ್ಪ ಕೇಳಲಿ. ಟಿಗ್, ಅಂದರೆ ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್, ಮಾಡುವವರಿಗೆ ಕಿಡಿಯ ಕಾಟ ಕಡಿಮೆ, ಜಿಂಕೆಯದೋ ಮೇಕೆಯದೋ ತೆಳು ಚರ್ಮ ಸಾಕು.

ಸಜ್ಜಿನಂಗಡಿಯಲ್ಲಿ ಸ್ಪ್ಲಿಟ್ ಇರುವುದು ಅಪರೂಪ, ನೀವೇ ಕೊಂಡು ಕೊಡುವುದು ವಾಸಿ. 24 ಇಂಚು ಅಗಲ, 42 ಇಂಚು ಉದ್ದದ ಏಪ್ರನ್ನಿಗೆ ಏಳು ಚದರ ಅಡಿ. ಎರಡು ತೋಳಿಗೆ ಆರು ಹಿಡಿಯಿರಿ. ಲೆಕ್ಕಕ್ಕೆ ಹದಿಮೂರು, ತರಬೇಕಾದದ್ದು ಇಪ್ಪತ್ತು. ಯಾಕೆಂದರೆ ಚರ್ಮ ಬಟ್ಟೆಯಲ್ಲ. ಅಂಚು ವಕ್ರ, ನಡುವೆ ತೂತು, ಹೊಟ್ಟೆಯ ಭಾಗ ಜೋಲು. ಹೊಟ್ಟೆಯ ಭಾಗದಲ್ಲಿ ಏಪ್ರನ್ ಕತ್ತರಿಸಿದರೆ ಕೆಲವೇ ತಿಂಗಳಲ್ಲಿ ಅದು ತನ್ನ ಭಾರಕ್ಕೆ ತಾನೇ ಉದ್ದವಾಗಿ ಬೂಟಿನ ತುದಿ ಮುಟ್ಟುತ್ತದೆ.

ಇನ್ನು ದಾರ. ಏಪ್ರನ್ ಸಾಯುವುದು ಚರ್ಮದಿಂದಲ್ಲ, ದಾರದಿಂದ. ಸಜ್ಜಿಗೆ ಹಾಕುವುದು ನೈಲಾನ್ ಅಥವಾ ಪಾಲಿಯೆಸ್ಟರ್. ಮಳೆ, ಬೆವರು, ಎಳೆತ ಯಾವುದಕ್ಕೂ ಬಗ್ಗದ ದಾರ, 250 ಡಿಗ್ರಿ ಹತ್ತಿರ ಬಂದರೆ ಕರಗಿ ನೀರು. ಸಿಡಿಯುವ ಉಕ್ಕಿನ ಹನಿ ಹೊರಡುವುದು 1,500 ಡಿಗ್ರಿಯಲ್ಲಿ. ಆದ್ದರಿಂದ ಕೆವ್ಲಾರ್ ಎಂಬ ಬಿಸಿ ತಡೆಯುವ ಕೃತಕ ದಾರದ ಉರುಳೆಯನ್ನೂ ನೀವೇ ಒಯ್ಯಬೇಕು. ಅದು ಕರಗುವುದಿಲ್ಲ, ತುಂಬಾ ಹೆಚ್ಚಿನ ಬಿಸಿಗೆ ಕರಿದಾಗುತ್ತದೆ, ಅಷ್ಟೆ. ಹೊಲಿಯುವವರಿಗೆ ಮಾತ್ರ ಅದನ್ನು ಕಂಡರೆ ಆಗದು. ಕತ್ತರಿ ಮೊಂಡಾಗುತ್ತದೆ, ಯಂತ್ರದ ಬಿಗಿತವನ್ನು ಮತ್ತೆ ಹೊಂದಿಸಬೇಕು. ಎರಡನೇ ಉರುಳೆ ಒಯ್ದು “ಇದು ಅಂಗಡಿಗೇ ಇರಲಿ” ಅನ್ನುವುದು ಲಂಚವಲ್ಲ, ಸೌಜನ್ಯ.

ಕೆವ್ಲಾರಿಗೂ ಒಂದು ಊನವಿದೆ. ಅದಕ್ಕೆ ಅತಿನೇರಳೆ ಕಿರಣ ಆಗಿಬರುವುದಿಲ್ಲ, ಆರ್ಕಿನಿಂದ, ಅಂದರೆ ವೆಲ್ಡಿಂಗಿನ ವಿದ್ಯುತ್ ಜ್ವಾಲೆಯಿಂದ, ಹೊರಡುವುದೇ ಅದು. ಹಾಗಾಗಿ ಹೊಲಿಗೆಯನ್ನು ಮಡಿಕೆಯ ಒಳಗೆ ಅಡಗಿಸಿ, ಇಲ್ಲವೇ ಮೇಲೊಂದು ಚರ್ಮದ ಪಟ್ಟಿ ಮುಚ್ಚಿ ಎಂದು ಚೀಟಿಯಲ್ಲೇ ಬರೆದುಕೊಡಿ. ಇಂಚಿಗೆ ಆರು ಹೊಲಿಗೆ ಸಾಕು ಎಂದೂ ಬರೆಯಿರಿ. ಅಂದಕ್ಕೆಂದು ಹನ್ನೆರಡು ಕೇಳುವವರಿದ್ದಾರೆ. ತೆಳು ಚರ್ಮದಲ್ಲಿ ಅಷ್ಟು ಒತ್ತಾಗಿ ಸೂಜಿ ಚುಚ್ಚಿದರೆ ಅದು ಹೊಲಿಗೆಯಲ್ಲ, ಹರಿಯಲು ಹಾಕಿಕೊಟ್ಟ ಗೆರೆ. ಸಜ್ಜಿನ ಯಂತ್ರವೂ ಮುಕ್ಕಾಲು ಇಂಚು ದಪ್ಪ ತಿಂದು ಬೆಳೆದದ್ದು. ಸ್ಪ್ಲಿಟ್ ಕೊಟ್ಟರೆ ನೆರಿಗೆ ಬೀಳಿಸುತ್ತದೆ. ಮೊದಲು ತುಂಡಿನ ಮೇಲೆ ಹೊಲಿದು ತೋರಿಸಿ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಯಂತ್ರ ಓಡುವುದು ಕಾಲಿನ ತುಳಿತಕ್ಕೋ, ಹಿತ್ತಲ ಡೀಸೆಲ್ ಎಂಜಿನ್ ತುಂಬುವ ಒತ್ತಡದ ಗಾಳಿಗೋ. ಹೊರಗಿನ ವಿದ್ಯುತ್ ತಂತಿ ಸಾಮಾನ್ಯವಾಗಿ ಅಂಗಡಿಗೆ ಬಂದಿರುವುದಿಲ್ಲ. ಏನು ಸಲ್ಲುತ್ತದೆ, ಏನು ಸಲ್ಲದು ಎಂಬ ನಿಯಮ ಒಂದೊಂದು ಚರ್ಚ್ ಸಭೆಗೆ ಒಂದೊಂದು ಥರ, “ಆ ಅಂಗಡಿಯಲ್ಲಿ ಇದೆಯಲ್ಲ” ಎಂದು ವಾದಕ್ಕಿಳಿಯಬೇಡಿ.

ತಾಮ್ರದ ರಿವೆಟ್ಟೆಂದರೆ ಸಜ್ಜಿನವರಿಗೆ ಪ್ರಾಣ. ನಾಲ್ಕು ಮೂಲೆಗೆ ನಾಲ್ಕು, ಜೇಬಿಗೆ ಎರಡು, ಎದೆಯ ಮೇಲೆ ಒಂದು ಅಂದಕ್ಕೆ. ಆರ್ಕಿನ ಕಡೆ ಮುಖ ಮಾಡಿದ ರಿವೆಟ್ ಬಿಸಿಯೇರುತ್ತದೆ, ಅದರ ಹಿಂಬದಿ ನಿಮ್ಮ ಅಂಗಿಗೆ ತಾಗಿಕೊಂಡೇ ಇರುತ್ತದೆ. ಒರಗಿಕೊಂಡು ವೆಲ್ಡ್ ಮಾಡುವವರಿಗೆ ರಿವೆಟ್ಟಿನ ಲೋಹ ವೆಲ್ಡ್ ಆಗುತ್ತಿರುವ ತುಂಡಿಗೆ ತಾಗಿ ಶಾಕ್ ಹೊಡೆಯುವ ಭಯ ಬೇರೆ. ರಿವೆಟ್, ಬಕಲ್ ಎಲ್ಲ ಬೆನ್ನಿನ ಕಡೆಗೆ ಹೋಗಲಿ. ಪಟ್ಟಿ ಬೆನ್ನ ಮೇಲೆ ಅಡ್ಡಡ್ಡ ಹಾಯಲಿ, ಕತ್ತಿಗೆ ನೇತು ಹಾಕಿಕೊಂಡರೆ ಸಂಜೆಗೆ ಕತ್ತು ಎತ್ತುವಂತಿರುವುದಿಲ್ಲ.

ಬಕಲ್ಲಿನ ಬಗ್ಗೆ ಇನ್ನೊಂದು ಮಾತು. ಕುದುರೆ ಎಷ್ಟೇ ಎಗರಾಡಿದರೂ ಬಿಚ್ಚಿಕೊಳ್ಳಬಾರದು ಎಂಬುದು ಸಜ್ಜಿನ ಬಕಲ್ಲಿನ ಧರ್ಮ. ಏಪ್ರನ್ನೊಳಗೆ ಕೆಂಡ ಹೊಕ್ಕು ಎಗರಾಡುತ್ತಿರುವವನಿಗೆ ಬೇಕಾದದ್ದು ಅದಕ್ಕೆ ಪೂರಾ ಉಲ್ಟಾ. ಒಂದು ಕಡೆಯಾದರೂ ಎಳೆದರೆ ಬಿಚ್ಚುವ ಟಿಚ್ ಬಟನ್ ಇರಬೇಕು. ವೆಲ್ಕ್ರೋ ಬೇಡ, ಕರಗಿ ಅಂಟಿಕೊಳ್ಳುತ್ತದೆ.

ಜೇಬು ಬೇಡ ಅಂದರೆ ಯಾರೂ ಕೇಳುವುದಿಲ್ಲ, ಅದು ನನಗೂ ಗೊತ್ತು. ಚಾಕ್‌ಪೀಸಿಗೊಂದು, ಟೇಪಿಗೊಂದು, ಫೋನಿಗೊಂದು. ಬಾಯಿ ತೆರೆದ ಜೇಬು ಕಿಡಿಗಳ ಹುಂಡಿ, ಎಲ್ಲ ಕಾಣಿಕೆಯೂ ಅಲ್ಲಿಗೇ ಬೀಳುತ್ತದೆ. ಬೇಕೇ ಬೇಕೆಂದರೆ ಮೇಲೆ ಮುಚ್ಚಳದ ಪಟ್ಟಿ ಇರಲಿ. ಲೈಟರ್ ಮಾತ್ರ ಯಾವ ಜೇಬಿಗೂ ಬೇಡ. ಕೆಳ ಅಂಚನ್ನು ಹೊರಕ್ಕೆ ಮಡಿಸಿ ಹೊಲಿದರೆ ಅದೂ ಒಂದು ಉದ್ದನೆಯ ಜೇಬೇ. ಮಡಿಕೆಯಿಲ್ಲದೆ ಹಾಗೇ ಕತ್ತರಿಸಿ ಬಿಡಲಿ.

ಅಳತೆಯನ್ನು ಮದುವೆ ಸೂಟಿಗೆ ಕೊಡುವ ಹಾಗೆ ನೆಟ್ಟಗೆ ನಿಂತು ಕೊಡುವುದೇ ದೊಡ್ಡ ಎಡವಟ್ಟು. ಯಾರೂ ಹಾಗೆ ನಿಂತು ವೆಲ್ಡ್ ಮಾಡುವುದಿಲ್ಲ. ದಪ್ಪ ಅಂಗಿ ಹಾಕಿ, ಮೊಣಕೈ ಮಡಚಿ, ಕತ್ತಿನ ಹಿಂಬದಿಯಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ ತೋಳಿನ ಅಳತೆ ಹಿಡಿಯಿರಿ. ಗ್ಲೌಸಿನೊಳಗೆ ನಾಲ್ಕಿಂಚು ತೂರುವಷ್ಟು ಸೇರಿಸಿ. ಏಪ್ರನ್ನಿನ ಮೇಲಂಚು ತೀರಾ ಮೇಲಿದ್ದರೆ ಹೆಲ್ಮೆಟ್ ಇಳಿಸಿದಾಗ ಗದ್ದದ ಭಾಗ ಅದಕ್ಕೆ ಒತ್ತಿ ಹೆಲ್ಮೆಟ್ ಮತ್ತೆ ಮೇಲೇಳುತ್ತದೆ, ಸರಿಯಾಗಿ ಆರ್ಕ್ ಹೊತ್ತಿಸುವ ಹೊತ್ತಿಗೆ. ಕುಕ್ಕರುಗಾಲಲ್ಲಿ ಕೂತು ಒಮ್ಮೆ ಪರೀಕ್ಷಿಸಿ. ತೀರಾ ಕೆಳಗಾದರೆ ಅಂಗಿಯ ಮೇಲಿನ ಗುಂಡಿ ಹಾಕದವರ ಕುತ್ತಿಗೆ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತದೆ. ಎಲ್ಲವೂ ಇಂಚಿನಲ್ಲಿರಲಿ. ಸೆಂಟಿಮೀಟರಿನಲ್ಲಿ ಬರೆದು ಕಳಿಸಿದರೆ 107 ಇಂಚಿನ ಏಪ್ರನ್ ಹೊಲಿಯಲಿಕ್ಕಿಲ್ಲ, ಆದರೆ ನಿಮ್ಮ ಬಗ್ಗೆ ಊಟದ ಹೊತ್ತಿನಲ್ಲಿ ಮಾತಾಡಿಕೊಂಡಾರು. ಗ್ಲೌಸ್ ಹೊಲಿಸಲು ಹೋಗಬೇಡಿ. ಬೆರಳ ಸಂದಿನ ಹೊಲಿಗೆ ಬೇರೆಯದೇ ಕಸುಬು. ಗ್ಲೌಸಿಗೆ ಕೋಲ್ಕತ್ತಾ ಹೆಸರಾದ ಊರು, ಅಮೆರಿಕದ ಅಂಗಡಿಯಲ್ಲಿ ಕೊಂಡರೂ ಒಳಗೆ ಭಾರತದ ಚೀಟಿ ಸಿಕ್ಕೀತು.

ಆರ್ಡರ್ ಕೊಡುವ ಕ್ರಮವೂ ಬೇರೆ. ಅನೇಕ ಅಂಗಡಿಗಳಿಗೆ ಫೋನ್ ಇದೆ, ಆದರೆ ಅದು ಹೊಲದಂಚಿನ ಗೂಡಿನಲ್ಲಿದೆ. ನೀವು ಮಾತಾಡುವುದು ಸಂದೇಶ ಹಿಡಿದಿಡುವ ಯಂತ್ರದ ಜೊತೆ. ಹೆಸರು, ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿ, ಕಾಯಿರಿ. ಚಿತ್ರ ಬರೆದು ಕಾಗದ ಹಾಕಿದರೆ ಇನ್ನೂ ಒಳ್ಳೆಯದು. ಭಾನುವಾರ ವ್ಯಾಪಾರವಿಲ್ಲ. ಈಸ್ಟರ್ ಆದ 40ನೇ ದಿನದ ಗುರುವಾರವೂ ಇಲ್ಲ, ಅದು ಕ್ರಿಸ್ತ ಸ್ವರ್ಗಕ್ಕೇರಿದ ಹಬ್ಬ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಲ್ಯಾಂಕಾಸ್ಟರಿನಲ್ಲಿ ಮದುವೆಗಳ ಕಾಲ, ಮಂಗಳವಾರ ಮತ್ತು ಗುರುವಾರ ಊರಿಗೂರೇ ಊಟದ ಮನೆಯಲ್ಲಿ. ಅರ್ಜೆಂಟ್ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಕೆಲಸಗಾರರ ಮುಖದ ಫೋಟೋ ತೆಗೆಯಬೇಡಿ. ನಗದೋ ಚೆಕ್ಕೋ ಇಟ್ಟುಕೊಂಡಿರಿ. ಚೌಕಾಸಿಯನ್ನು ಊರಲ್ಲೇ ಬಿಟ್ಟು ಹೋಗಿ.

ಅಂಗಡಿಯವರಿಗೆ ವೆಲ್ಡಿಂಗ್ ಗೊತ್ತೇ ಎಂದು ಒಮ್ಮೆ ಕೇಳಿ ನೋಡಿ. ಡೀಸೆಲ್ ಜನರೇಟರಿನಿಂದ ವೆಲ್ಡ್ ಮಾಡುವ ಆಮಿಶ್ ಕಾರ್ಖಾನೆಗಳು ಎಷ್ಟೋ ಇವೆ. ಅಂಥವರು ಸಿಕ್ಕರೆ ಇಲ್ಲಿಯವರೆಗೆ ಓದಿದ್ದನ್ನೆಲ್ಲ ಮರೆತು, ಅವರು ತೊಟ್ಟ ಏಪ್ರನ್ ಎಲ್ಲೆಲ್ಲಿ ಸುಟ್ಟಿದೆ ನೋಡಿ, ಅದರಂತೆಯೇ ನನಗೂ ಒಂದು ಅನ್ನಿ.

ಕಾರ್ಖಾನೆಯಲ್ಲಿ ನೌಕರಿ ಮಾಡುವವರು ಮೊದಲು ಸೇಫ್ಟಿ ಆಫೀಸರನ್ನು ಕೇಳಬೇಕು. ಕೈಹೊಲಿಗೆಯ ಏಪ್ರನ್ನಿಗೆ ವೆಲ್ಡಿಂಗ್ ಉಡುಪಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 11611ರ ಚೀಟಿ ಇರುವುದಿಲ್ಲ, ಅವರು ನೋಡುವುದು ಚೀಟಿಯನ್ನೇ.

ಏಪ್ರನ್ ಕೊಡುವಾಗ ಅಂಗಡಿಯವರು ಪ್ರೀತಿಯಿಂದ ಒಂದು ಡಬ್ಬಿ ಸಜ್ಜಿನ ಎಣ್ಣೆಯನ್ನೂ ಕೊಟ್ಟಾರು, ತಿಂಗಳಿಗೊಮ್ಮೆ ಹಚ್ಚಿ ಎನ್ನುತ್ತಾ. ಬೇಡ ಅನ್ನಬೇಡಿ, ತೆಗೆದುಕೊಳ್ಳಿ, ಆದರೆ ಏಪ್ರನ್ನಿನ ಹತ್ತಿರ ತರಬೇಡಿ. ಎಣ್ಣೆ ಕುಡಿದ ಚರ್ಮ ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ ನೇತುಹಾಕಿದರೆ ಸಾಕು, ವಾಷಿಂಗ್ ಮೆಷಿನ್ ಅಂತೂ ಬೇಡವೇ ಬೇಡ. ಡಬ್ಬಿಯ ಎಣ್ಣೆ ಚರ್ಮದ ಬೆಲ್ಟಿಗೆ ಚೆನ್ನಾಗಿ ಹೊಂದುತ್ತದೆ, ವೆಲ್ಡಿಂಗ್ ಇಲ್ಲದ ದಿನ ಕಟ್ಟಿಕೊಳ್ಳುವ ಬೆಲ್ಟಿಗೆ.