ಹಸಿರು ಲೈಟು ಹೇಳಿದ್ದೆಲ್ಲ ನಿಜವಲ್ಲ

ವಿಡಿಯೋ ಗೇಮ್‌ನಲ್ಲಿ ಸೋಲುವವನಿಗೆ ಬ್ಯಾಟರಿಯಷ್ಟು ಒಳ್ಳೆಯ ನೆವ ಇನ್ನೊಂದಿಲ್ಲ. ನನ್ನ ತಮ್ಮ ಇದರಲ್ಲಿ ಪಳಗಿದವನು. ಮೂರು ಗೋಲು ಹಿಂದೆ ಬಿದ್ದ ತಕ್ಷಣ ಆಟ ಆಡಿಸಲು ಕೈಯಲ್ಲಿ ಹಿಡಿಯುವ ಅವನ ಕಂಟ್ರೋಲರ್ ಸಾಯುತ್ತದೆ, ಆಟ ನಿಲ್ಲುತ್ತದೆ. "ಇದು ಲೆಕ್ಕಕ್ಕಿಲ್ಲ ಅಣ್ಣಾ" ಅನ್ನುತ್ತಾನೆ. ಅವನೇ ಮುಂದಿದ್ದಾಗ ಮಾತ್ರ ಅದೇ ಸೆಲ್‌ಗಳಿಗೆ ಎಲ್ಲಿಂದಲೋ ಜೀವ ಬಂದಿರುತ್ತದೆ.

ನಮ್ಮದು ಸೆಲ್ ಹಾಕುವ ಜಾತಿಯ ಕಂಟ್ರೋಲರ್. ಪ್ಲೇಸ್ಟೇಷನ್‌ನವರು ಬ್ಯಾಟರಿಯನ್ನು ಒಳಗೇ ಇಟ್ಟು ಮುಚ್ಚಿಬಿಡುತ್ತಾರೆ. ಎಕ್ಸ್‌ಬಾಕ್ಸ್‌ನವರು ಮಾತ್ರ 2020ರಲ್ಲಿ ಸೀರೀಸ್ ಎಕ್ಸ್ ಅನ್ನುವ ಹೊಸ ಮಾದರಿ ತಂದಾಗಲೂ ಎರಡು ಡಬಲ್ ಎ ಸೆಲ್‌ಗಳ ಸಹವಾಸ ಬಿಡಲಿಲ್ಲ. ಅದರಲ್ಲೂ ಒಂದು ಸುಖ ಇದೆ. ಸೆಲ್ ಸತ್ತರೆ ಹೊಸದು ಹಾಕಿದರಾಯಿತು, ಚಾರ್ಜ್ ಆಗಲಿ ಅಂತ ಕಾಯಬೇಕಿಲ್ಲ. ಆದರೆ ಹೊಸದು ಮನೆಯಲ್ಲಿ ಇರಬೇಕಲ್ವಾ? ಇರಲ್ಲ. ಆಗ ತಮ್ಮನ ಕಣ್ಣು ಗೋಡೆ ಗಡಿಯಾರದ ಮೇಲೆ ಬೀಳುತ್ತದೆ. ಗಡಿಯಾರದಲ್ಲಿ ಇರುವುದು ಒಂದೇ ಸೆಲ್, ಕಂಟ್ರೋಲರ್‌ಗೆ ಬೇಕಾದ್ದು ಎರಡು. ಹಾಗಾಗಿ ಒಂದು ಸಂಜೆ ಐದು ಗಂಟೆಗೆ ಹಾಲ್‌ನ ಗಡಿಯಾರದ ಜೊತೆ ಅಮ್ಮನ ರೂಮಿನದೂ ನಿಂತಿತು. ಮರುದಿನ ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟು ನೋಡಿದಳು. ಐದು ಗಂಟೆ. ಇನ್ನೂ ಹೊತ್ತಿದೆ ಅಂತ ಮಗ್ಗುಲು ಬದಲಾಯಿಸಿ ಮಲಗಿದಳು.

ಅವಳು ಎದ್ದ ಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದು ಬೇಡ. ಮನೆಗೆ ಚಾರ್ಜಿಂಗ್ ಡಾಕ್ ಬಂತು, ಅಂದರೆ ಕಂಟ್ರೋಲರ್ ಕೂರಿಸಿ ಚಾರ್ಜ್ ಮಾಡುವ ಸ್ಟ್ಯಾಂಡ್.

ಡಾಕ್ ದೊಡ್ಡ ವಿದ್ಯೆಯೇನಲ್ಲ. ಕಂಟ್ರೋಲರ್‌ನ ಬೆನ್ನಿನ ಮುಚ್ಚಳ ತೆಗೆದು ರೀಚಾರ್ಜ್ ಆಗುವ ಬ್ಯಾಟರಿ ಪ್ಯಾಕ್ ಹಾಕಬೇಕು. ಪ್ಯಾಕ್‌ನ ಹೊರಮೈಯಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಡಾಕ್‌ನಲ್ಲಿ ಸ್ಪ್ರಿಂಗ್ ಮೇಲೆ ಕೂತ ಎರಡು ಪಿನ್. ಚುಕ್ಕೆಗೆ ಪಿನ್ ತಾಗಿದರೆ ಚಾರ್ಜ್ ಆಯಿತು. ಸ್ವಲ್ಪ ವಾರೆಯಾದರೂ ಇಲ್ಲ. ತಮ್ಮನೋ ನಡೆದು ಹೋಗುತ್ತಲೇ ಅದನ್ನು ಡಾಕ್ ಮೇಲೆ ಬಿಸಾಕಿ ಹೋಗುವವನು. ಸಾಲದ್ದಕ್ಕೆ ಕೈ ಜಾರದಿರಲಿ ಅಂತ ಕಂಟ್ರೋಲರ್‌ಗೆ ದಪ್ಪನೆಯ ರಬ್ಬರ್ ಕವರ್ ಬೇರೆ ತೊಡಿಸಿದ್ದ. ಪಿನ್ನು ಪಾಪ ಆ ರಬ್ಬರನ್ನೇ ಮುಟ್ಟಿಕೊಂಡು ಕೂತಿರುತ್ತಿತ್ತು.

ನಿಜವಾದ ಕಿತಾಪತಿ ಮಾತ್ರ ಲೈಟಿನದು. ಚಾರ್ಜ್ ಆಗುವಾಗ ಕೆಂಪು, ತುಂಬಿದ ಮೇಲೆ ಹಸಿರು ಅಂತ ಡಬ್ಬಿಯ ಮೇಲೆ ಬರೆದಿದೆ. ಆದರೆ ಇಂಥ ಸಾದಾ ಡಾಕ್‌ಗೆ ಬ್ಯಾಟರಿ ಎಷ್ಟು ತುಂಬಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಕರೆಂಟ್ ಹರಿಯುತ್ತಿದ್ದರೆ ಕೆಂಪು, ಹರಿಯದಿದ್ದರೆ ಹಸಿರು, ಅಷ್ಟೇ. ಪಿನ್ ತಾಗದಿದ್ದಾಗಲೂ ಕರೆಂಟ್ ಹರಿಯಲ್ಲ, ಆದ್ದರಿಂದ ಆಗಲೂ ಹಸಿರು. ಎಲೆ ಮುಂದೆ ಕೂರದೇ ಇದ್ದವನನ್ನು ನೋಡಿ ಹೊಟ್ಟೆ ತುಂಬಿದೆ ಅಂದ ಹಾಗೆ! ರಾತ್ರಿಯೆಲ್ಲ ಹಸಿರು ಬೆಳಕು ಚೆಲ್ಲುತ್ತಾ ಕೂತ ಕಂಟ್ರೋಲರ್ ಬೆಳಿಗ್ಗೆ ಒತ್ತಿದರೆ ಉಸಿರೆತ್ತುತ್ತಿರಲಿಲ್ಲ.

ಕವರ್ ಬಿಚ್ಚಿಸಿ, ನಾನೇ ಒತ್ತಿ ಕೂರಿಸಿ, ಕೆಂಪು ಬಂದದ್ದನ್ನು ನೋಡಿ ಮಲಗತೊಡಗಿದೆ. ಆದರೂ ಬೆಳಿಗ್ಗೆ ಅದೇ ಕಥೆ. ಈ ಸಲ ಕಾರಣ ಅಮ್ಮ. ಡಾಕ್‌ನ ಕೇಬಲ್ ಸಿಕ್ಕಿಸಿದ್ದು ಕನ್ಸೋಲ್‌ನ, ಅಂದರೆ ಗೇಮ್ ಓಡಿಸುವ ಪೆಟ್ಟಿಗೆಯ, ಯುಎಸ್‌ಬಿಗೆ. ಅಮ್ಮ ಮಲಗುವ ಮುಂಚೆ ಟಿವಿ ಹಿಂದಿನ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಹೋಗುವವಳು. ಕನ್ಸೋಲ್‌ಗೇ ಕರೆಂಟ್ ಇಲ್ಲ ಅಂದ ಮೇಲೆ ಡಾಕ್‌ಗೆ ಎಲ್ಲಿಂದ?

"ಅಮ್ಮಾ, ಅದು ರಾತ್ರಿಯೆಲ್ಲ ಚಾರ್ಜ್ ಆಗ್ಬೇಕು."

"ನೀನೇ ಹೇಳಿದ್ಯಲ್ಲೋ, ಲೈಟನ್ನ ನಂಬ್ಬೇಡಿ ಅಂತ. ಅದಕ್ಕೆ ಆರಿಸಿದೆ."

ಇದಕ್ಕೆ ಏನು ಹೇಳುವುದು? ಸುಮ್ನೆ ಇನ್ನೊಂದು ಅಡಾಪ್ಟರ್ ತಂದು ಕೇಬಲ್ಲನ್ನು ಬೇರೆ ಪ್ಲಗ್‌ಗೆ ಹಾಕಿದೆ.

ಇಷ್ಟಾದರೂ ತಮ್ಮನ ನೆವ ನಿಲ್ಲಲಿಲ್ಲ. "ಈಗ ತಾನೇ ಅರ್ಧ ತೋರಿಸ್ತಿತ್ತು, ಪಟ್ ಅಂತ ಹೋಯ್ತು" ಅಂತ ಶುರು ಮಾಡಿದ. ಬೇಜಾರಿನ ಸಂಗತಿ ಅಂದರೆ, ಅವನು ಹೇಳುವುದರಲ್ಲಿ ಹುರುಳಿದೆ. ನಮ್ಮ ಪ್ಯಾಕ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಮಾಮೂಲಿ ಸೆಲ್‌ನದು 1.5 ವೋಲ್ಟ್, ಇದರದು 1.2. ಮಾಮೂಲಿಯದು ನಿಧಾನವಾಗಿ ಇಳಿಯುತ್ತಾ ಬರುತ್ತದೆ. ಇದು ಕೊನೆಯ ತನಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಆಮೇಲೆ ಧಡಕ್ಕನೆ ಬೀಳುತ್ತದೆ. ವೋಲ್ಟ್ ನೋಡಿ ಅಂದಾಜು ಮಾಡುವ ಮೀಟರ್ ಎಡವುವುದು ಸಹಜ. ಇದನ್ನೆಲ್ಲ ತಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವನ ನೆವಗಳು ಈಗಲೇ ಜಾಸ್ತಿ.

ಮೊನ್ನೆ ಆಗ ತಾನೇ ಡಾಕ್‌ನಿಂದ ಎತ್ತಿದ, ಪೂರ್ತಿ ತುಂಬಿದ ಕಂಟ್ರೋಲರನ್ನೇ ಅವನ ಕೈಗೆ ಕೊಟ್ಟೆ. ಸೋತ. ಈಗೇನು ಹೇಳ್ತೀಯೋ ಅಂತ ನೋಡಿದೆ. "ಅಣ್ಣಾ, ಈ ಸ್ಟಿಕ್ ತಾನಾಗೇ ಎಡಕ್ಕೆ ಹೋಗ್ತಿದೆ" ಅಂದ. ಕಿತ್ತುಕೊಂಡು ಟೇಬಲ್ ಮೇಲಿಟ್ಟೆ. ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲಿನ ಆಟಗಾರ ಚೆಂಡನ್ನು ಅಲ್ಲೇ ಬಿಟ್ಟು, ಮೆಲ್ಲಗೆ ಎಡಕ್ಕೆ ನಡೆದು, ಗೆರೆ ದಾಟಿ, ಜಾಹೀರಾತಿನ ಬೋರ್ಡಿಗೆ ಮುಖ ಒತ್ತಿಕೊಂಡು ನಡೆಯುತ್ತಲೇ ಇದ್ದ.

ಕಂಟ್ರೋಲರ್ ಅದಲು ಬದಲು ಮಾಡಿಕೊಳ್ಳೋಣ ಅಂದ ತಮ್ಮ. ಅಮ್ಮನೂ ಅವನ ಪರವೇ ನಿಂತಳು. ಎಡಕ್ಕೆ ಹೋಗುವುದು ಈಗ ನನ್ನದು.