ಇಳಿಯೋಕೆ ಎಷ್ಟು ಹೊತ್ತು ಅಂತ ಯಾರೂ ಕೇಳಲ್ಲ

ಕಿತ್ತುಬಂದ ಶೂ ಅಡಿಯನ್ನು ಒಂದು ಕೈಯಲ್ಲಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಹುಲ್ಲು ತಬ್ಬಿಕೊಂಡು, ಕೂತಲ್ಲೇ ಜಾರ್ತಾ ಇಳೀತಿದ್ದ ಮಹಾಶಯನೊಬ್ಬನನ್ನು ನಿನ್ನೆ ಸಂಜೆ ಕುದುರೆಮುಖದ ದಾರಿಯಲ್ಲಿ ನೋಡಿದೆ. ಬೆಳಿಗ್ಗೆ, ಚಾರಣ ಶುರುವಾಗೋ ಮುಳ್ಳೋಡಿಯಲ್ಲಿ ಇದೇ ಪುಣ್ಯಾತ್ಮ ಗೈಡ್ ಹತ್ರ ಕೇಳ್ತಿದ್ದ: "ಹತ್ತೋಕೆ ಎಷ್ಟು ಹೊತ್ತಾಗುತ್ತೆ ಅಣ್ಣಾ?" ಎಲ್ಲರೂ ಕೇಳೋದು ಇದನ್ನೇ. ಇಳಿಯೋಕೆ ಎಷ್ಟು ಹೊತ್ತು ಅಂತ ಒಬ್ಬನಾದ್ರೂ ಕೇಳಲಿ, ನೋಡೋಣ.

ಶಿಖರದ ಎತ್ತರ 1,894 ಮೀಟರ್ ಅನ್ನೋದು ಎಲ್ಲರಿಗೂ ಬಾಯಿಪಾಠ. ಹೋಗೋಕೆ ಸುಮಾರು ಹತ್ತು ಕಿಲೋಮೀಟರ್, ಬರೋಕೆ ಮತ್ತೆ ಹತ್ತು. ಈ ಎರಡನೇ ಹತ್ತು ಯಾರ ಲೆಕ್ಕದಲ್ಲೂ ಇಲ್ಲ. ಒಂಟಿಮರದ ತನಕ ಹಳ್ಳ ದಾಟ್ಕೊಂಡು ಆರಾಮಾಗಿ ಹೋಗ್ಬಹುದು, ಅಲ್ಲಿಂದಾಚೆ ಹುಲ್ಲುಗುಡ್ಡದ ಏರು. ಹತ್ತೋಕೆ ನಾಲ್ಕೈದು ಗಂಟೆ ತಗೊಂಡವರೂ ಇಳಿಯೋಕೆ ಒಂದೂವರೆ ಗಂಟೆ ಸಾಕು ಅಂದ್ಕೊಂಡಿರ್ತಾರೆ. ಮೂರಕ್ಕಿಂತ ಕಮ್ಮಿ ಆಗಲ್ಲ ಸ್ವಾಮಿ. ಮಳೆ ಹಿಡಿದ್ರೆ ನಾಲ್ಕು.

ಯಾಕೆ ಅಂತೀರಾ? ನೂರಾರು ಕಾಲು ತುಳಿದು ತುಳಿದು ದಾರಿ ಮೊಣಕಾಲುದ್ದದ ಕಾಲುವೆ ಆಗಿದೆ. ಹುಲ್ಲಿನ ಬೇರು ಹೋದ ಮೇಲೆ ಉಳಿದದ್ದು ಜೇಡಿಮಣ್ಣು. ಮಳೆನೀರು ಅದರಲ್ಲೇ ಹರಿದು ಸಾಬೂನು ಮಾಡಿಟ್ಟಿರುತ್ತೆ. ಜಾರುತ್ತೆ ಅಂತ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ರೆ ಇನ್ನೂ ಮೋಸ, ಎಸಳುಗಳೆಲ್ಲ ಇಳಿಜಾರಿನ ಕಡೆಗೇ ಮಲಗಿರುತ್ತವೆ. ಜೊತೆಗೆ ಮುಂದಿನ ವರ್ಷ ಅಲ್ಲೊಂದು ಹೊಸ ಕಾಲುವೆ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಈಗ ಗುಡ್ಡ ಕೆರೆಯೋ ಕೆಲಸ ನಮ್ಮ ಶೂಗಳದ್ದು.

ಶೂ ವಿಷಯಕ್ಕೇ ಬರ್ತೀನಿ. ಆ ಮಹಾಶಯನದ್ದು ಅಗ್ಗದ್ದೇನಲ್ಲ, ದುಬಾರಿ ಶೂನೇ. ಆದ್ರೆ ನಾಲ್ಕೈದು ವರ್ಷ ಅಟ್ಟದ ಮೇಲೆ ಕೂತಿತ್ತಂತೆ. ಅಡಿಯ ನಡುವಿನ ಮೆತ್ತನೆ ಪದರ ಪ್ಲಾಸ್ಟಿಕ್ ಜಾತಿಯ ಪಾಲಿಯುರಿಥೇನ್‌ದಾದ್ರೆ ಗಾಳಿಯ ತೇವಕ್ಕೇ ನಿಧಾನ ಪುಡಿಯಾಗುತ್ತೆ, ಹಾಕ್ಕೊಳ್ಳದೆ ಇಟ್ಟಷ್ಟೂ ಜಾಸ್ತಿ. ಹೊರಡೋ ಒಂದು ವಾರ ಮುಂಚೆ ಹಾಕ್ಕೊಂಡು ಐದಾರು ಕಿಲೋಮೀಟರ್ ನಡೆದು ನೋಡಿ. ಅಡಿಯನ್ನು ಹೆಬ್ಬೆರಳಿಂದ ಒತ್ತಿದಾಗ ಬಿರುಕು ಕಂಡ್ರೆ ಅದು ಅಲ್ಲಿಗೆ ಮುಗೀತು. ಎರಡು ಮೀಟರ್ ಹಗ್ಗ, ಸ್ವಲ್ಪ ಬಟ್ಟೆಯ ಟೇಪು ಬ್ಯಾಗಲ್ಲಿರಲಿ. ಅಡಿ ಬಾಯಿಬಿಟ್ರೆ ಸುತ್ತಿ ಕಟ್ಕೊಂಡು ಇಳೀಬಹುದು.

"ಗೈಡ್ ಹುಡುಗರು ಹವಾಯಿ ಚಪ್ಪಲೀಲೇ ಹೋಗ್ತಾರಲ್ಲ" ಅಂತ ಕಾಮೆಂಟ್ ಹಾಕೋರು ಈಗಲೇ ಬೆರಳು ಚಾಚಿರ್ತಾರೆ. ಹೋಗ್ತಾರೆ, ನಿಜ. ವಾರಕ್ಕೆ ನಾಲ್ಕು ಸಲ ಅದೇ ದಾರಿ ತುಳಿಯೋ ಕಾಲು ಅದು. ಯಾವ ಕಲ್ಲು ಅಲ್ಲಾಡುತ್ತೆ ಅಂತ ಆ ಪಾದಕ್ಕೇ ಗೊತ್ತು. ನಿಮ್ಮ ಪಾದಕ್ಕೆ ಗೊತ್ತಿರೋದು ಆಫೀಸಿನ ಲಿಫ್ಟು.

ಇಳಿಯೋ ಮುಂಚೆ ಶಿಖರದಲ್ಲಿ ಫೋಟೋ ಮುಗಿಸಿ, ಕೂತು ಲೇಸ್ ಬಿಚ್ಚಿ. ಹಿಮ್ಮಡಿಯನ್ನು ಶೂ ಹಿಂಭಾಗಕ್ಕೆ ಕುಟ್ಟಿ, ಕಣಕಾಲಿನ ಹತ್ರ ಬಿಗಿಯಾಗಿ, ಬೆರಳ ಹತ್ರ ಸಡಿಲವಾಗಿ ಕಟ್ಟಿ. ಇಲ್ಲಾಂದ್ರೆ ಹೆಜ್ಜೆಹೆಜ್ಜೆಗೂ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ. ಉಗುರನ್ನು ಎರಡು ದಿನ ಮುಂಚೆಯೇ ಕತ್ತರಿಸಿರಬೇಕು. ಕೋಲಿದ್ರೆ ಹತ್ತುವಾಗಿನದ್ದಕ್ಕಿಂತ ನಾಲ್ಕು ಬೆರಳಷ್ಟು ಉದ್ದ ಮಾಡ್ಕೊಳ್ಳಿ. ಮೊಣಕಾಲು ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ಹೆದರಿ ಹಿಂದಕ್ಕೆ ವಾಲಿದ್ರೆ ಹಿಮ್ಮಡಿ ಜಾರಿ ನೇರ ಬೆನ್ನ ಮೇಲೇ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಾಕ್ತಾ ಹಿಗ್ಗುತ್ತೆ, ಕಾಲು ನಡುಗೋದು ಅದಕ್ಕೇ. ನಡುಗೋಕೆ ಶುರುವಾದ್ರೆ ಐದು ನಿಮಿಷ ಕೂರಿ, ಮಾನ ಏನೂ ಹೋಗಲ್ಲ. (ನಿಜ ಹೇಳ್ಬೇಕಂದ್ರೆ ಒದ್ದೆ ಇಳಿಜಾರು ಕಂಡ್ರೆ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಏನೋ ಆಗುತ್ತೆ. ಅದಕ್ಕೇ ಇಷ್ಟು ಉಪದೇಶ.) ಆ ಉದ್ದದ ಪ್ಲಾಸ್ಟಿಕ್ ರೇನ್‌ಕೋಟನ್ನು ಸೊಂಟಕ್ಕೆ ಎತ್ತಿ ಕಟ್ಟಿ. ಕಾಲೇ ಕಾಣ್ದಿದ್ರೆ ಹೆಜ್ಜೆ ಎಲ್ಲಿಡ್ತೀರಿ?

ನೀರು ಮೂರು ಲೀಟರ್. ಮೇಲಿನ ಹುಲ್ಲುಗಾವಲಿನಲ್ಲಿ ತೊರೆ ನಂಬ್ಕೋಬೇಡಿ, ತುಂಬಿಸ್ಕೊಳ್ಳೋದಿದ್ರೆ ಕೆಳಗೇ. ಅರ್ಧ ಇಳಿಯೋಕೆ ಉಳಿಸಿ, ಅದರಲ್ಲಿ ಒಂದು ಲೀಟರಿಗೆ ಒಂದು ಓಆರ್‌ಎಸ್ ಪ್ಯಾಕೆಟ್. ಎಲ್ಲೇ ಇರಿ, ಮಧ್ಯಾಹ್ನ ಒಂದಕ್ಕೆ ವಾಪಸ್ ತಿರುಗಿ. ಶಿಖರ ಅರ್ಧ ಗಂಟೆ ದೂರ ಇದ್ರೂ ಸರಿ. ಮಂಜು ಕವಿದ್ರೆ ಹತ್ತಡಿ ಮುಂದಿನ ದಾರಿ ಕಾಣಲ್ಲ, ಸಂಜೆಯಾದ್ರೆ ಹಳ್ಳದ ಹತ್ರ ಕಾಟಿ (ಕಾಡುಕೋಣ) ಬರುತ್ತೆ.

ಜೀಪಲ್ಲಿ ಒಂದು ಜೊತೆ ಚಪ್ಪಲಿ, ಒಣ ಸಾಕ್ಸ್ ಬಿಟ್ಟು ಹೋಗಿ. ಉಂಬಳ (ಜಿಗಣೆ) ಎಷ್ಟು ಹತ್ತಿವೆ ಅಂತ ಗೊತ್ತಾಗೋದು ಒದ್ದೆ ಸಾಕ್ಸ್ ಬಿಚ್ಚಿದಾಗಲೇ. ರಕ್ತ ಬೇಗ ನಿಲ್ಲಲ್ಲ, ಹೆಪ್ಪುಗಟ್ಟದ ಹಾಗೆ ಉಂಬಳ ಎಂಜಲು ಬಿಟ್ಟಿರುತ್ತೆ. ಪೇಪರ್ ಚೂರು ಒತ್ತಿ ಹಿಡ್ಕೊಳ್ಳಿ, ಸಾಕು. ಆ ಮಹಾಶಯ ಹಿಡ್ಕೊಂಡು ಬಂದ ಶೂ ಅಡಿ ಸೀಟಿನ ಕೆಳಗೇ ಉಳಿದಿದೆ ಅಂತ ಜೀಪಿನವರು ಇವತ್ತು ಬೆಳಿಗ್ಗೆಯೂ ಬೈತಿದ್ರು.