ಕೂಡಿಸುತ್ತಾ ಹೋದರೆ ಎಂಟೇ ಬರುತ್ತೆ

ಅಪ್ಪು (ಪುನೀತ್ ರಾಜ್‌ಕುಮಾರ್) ಹುಟ್ಟಿದ್ದು ಮಾರ್ಚ್ 17. ಚಿರಂಜೀವಿ ಸರ್ಜಾ ಅಕ್ಟೋಬರ್ 17. ಸಂಚಾರಿ ವಿಜಯ್ ಜುಲೈ 17. 2020ರ ಜೂನ್‌ನಿಂದ 2021ರ ಅಕ್ಟೋಬರ್‌ವರೆಗೆ, ಹದಿನೇಳು ತಿಂಗಳೊಳಗೆ ಮೂವರೂ ಹೋಗಿಬಿಟ್ಟರು. (ನೋಡಿ, ಅಲ್ಲೂ ಹದಿನೇಳು ಬಂತು.) ಸೌಂದರ್ಯ ಅವರ ವಿಮಾನ ಬಿದ್ದದ್ದು 2004ರ ಏಪ್ರಿಲ್ 17. ಹದಿನೇಳರ ಒಂದನ್ನೂ ಏಳನ್ನೂ ಕೂಡಿಸಿದರೆ ಎಂಟು. ಎಂಟು ಶನಿಯ ಅಂಕಿ. ‘ಇನ್ನೇನು ಬೇಕು ಸ್ವಾಮಿ ಸಾಕ್ಷಿ?’ ಅಂತ ಕೊನೆಯಲ್ಲೊಂದು ಕೈಮುಗಿಯುವ ಇಮೋಜಿ.

ಈ ಮೆಸೇಜು ಇಂದಿಗೂ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಲೇ ಇದೆ. ಇದನ್ನು ‘ಮೂಢನಂಬಿಕೆ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ಯಾರ ತಲೆಗೂ ಹೋಗಲ್ಲ. ಯಾಕೆಂದರೆ ಇದರಲ್ಲಿರುವ ತಾರೀಖು ಯಾವುದೂ ಸುಳ್ಳಲ್ಲ. ಆದ್ದರಿಂದ ಇದು ತಯಾರಾಗುವ ಬಗೆಯನ್ನೇ ಬಿಚ್ಚಿ ನೋಡೋಣ. ಬೇಕಿದ್ದರೆ ಇದಕ್ಕಿಂತ ಗಟ್ಟಿಯಾದದ್ದನ್ನು ಇಲ್ಲೇ, ಐದು ನಿಮಿಷದಲ್ಲಿ ತಯಾರಿಸಿ ತೋರಿಸಬಹುದು.

ಹುಟ್ಟಿದ ದಿನ ಬಿಡಿ, ಸತ್ತ ದಿನದ ಎಲ್ಲ ಅಂಕಿಗಳನ್ನೂ ಕೂಡಿಸಿ. ಪುನೀತ್, 29-10-2021: ಎರಡು, ಒಂಬತ್ತು, ಒಂದು, ಎರಡು, ಎರಡು, ಒಂದು. ಒಟ್ಟು 17. ಚಿರಂಜೀವಿ, 7-6-2020: ಒಟ್ಟು 17. ವಿಷ್ಣುವರ್ಧನ್, 30-12-2009: ಅದೂ 17. ಸಂಚಾರಿ ವಿಜಯ್, 15-6-2021: ಮತ್ತೆ 17. ಮೈ ಜುಮ್ಮೆಂದಿತೇ? ಎನ್ನಲೇಬೇಕು, ಅದಕ್ಕಾಗಿಯೇ ಆರಿಸಿ ಜೋಡಿಸಿದ ಪಟ್ಟಿ ಇದು.

ಈಗ ಬಿಟ್ಟವರನ್ನು ನೋಡಿ. ರಾಜ್‌ಕುಮಾರ್, 12-4-2006: 15. ಶಂಕರ್ ನಾಗ್, 30-9-1990: 31. ಅಂಬರೀಶ್, 24-11-2018: 19. ಶನಿಯ ಅಂಕಿಯವರು ಅಂತ ಹೆಸರು ಹೊತ್ತ ಸೌಂದರ್ಯ ಅವರದೇ ಪೂರ್ತಿ ತಾರೀಖು ಕೂಡಿಸಿದರೆ 18, ಅಂದರೆ ಒಂಬತ್ತು. ಅದಕ್ಕೇ ಅವರ ವಿಷಯದಲ್ಲಿ ತಿಂಗಳು, ವರ್ಷ ಎರಡನ್ನೂ ಮೆಲ್ಲಗೆ ಬಿಟ್ಟು ‘17’ ಒಂದನ್ನೇ ಹಿಡಿದುಕೊಳ್ಳುತ್ತಾರೆ. ವಿಜಯ್ ಅವರ ಲೆಕ್ಕದಲ್ಲಿ ಇನ್ನೊಂದು ಸಣ್ಣ ಕೈಚಳಕವಿದೆ: ಮೆದುಳು ನಿಷ್ಕ್ರಿಯ ಅಂತ ವೈದ್ಯರು ಹೇಳಿದ್ದು ಜೂನ್ 14ಕ್ಕೆ. ಆ ತಾರೀಖು ಹಿಡಿದರೆ 16 ಬರುತ್ತೆ, ಆಟ ಕೆಡುತ್ತೆ. ಆಗ 15 ಹಿಡಿ.

ಈ ಲೆಕ್ಕದಲ್ಲಿ ಅಸಲಿ ಗುಟ್ಟು ಬೇರೆಯೇ ಇದೆ. ಒಂದಂಕಿಗೆ ಇಳಿಸುವ ಈ ಕೂಡಿಕೆ ಒಂಬತ್ತು ದಿನಕ್ಕೊಮ್ಮೆ ಸುತ್ತಿ ಬರುತ್ತೆ. 2021ರ ಅಕ್ಟೋಬರ್‌ನಲ್ಲಿ 2, 11, 20, 29 ಈ ನಾಲ್ಕೂ ದಿನ ಎಂಟೇ. ಯಾವ ವರ್ಷದ ಯಾವ ತಿಂಗಳು ತೆಗೆದುಕೊಂಡರೂ ಇಂಥವು ಮೂರು ಅಥವಾ ನಾಲ್ಕು ದಿನ ಇದ್ದೇ ಇರುತ್ತವೆ, ವರ್ಷಕ್ಕೆ ನಲವತ್ತರ ಆಸುಪಾಸು. ಇನ್ನು ಹುಟ್ಟಿದ ತಾರೀಖಿನ ವಿಷಯ: 8, 17, 26 ಮೂರೂ ಎಂಟೇ ಆದ್ದರಿಂದ ಹತ್ತರಲ್ಲಿ ಒಬ್ಬರು ಈ ಗುಂಪಿಗೆ ಬೀಳುತ್ತಾರೆ. ಬರೀ 17 ಅಂದರೂ ಅರವತ್ತು ಜನ ಕಲಾವಿದರ ಪಟ್ಟಿಯಲ್ಲಿ ಸರಾಸರಿ ಇಬ್ಬರು ಸಿಗಬೇಕು. ಹುಟ್ಟಿದ ದಿನ, ಸತ್ತ ದಿನ, ವಯಸ್ಸು, ಸಿನಿಮಾಗಳ ಸಂಖ್ಯೆ, ಕಾರಿನ ನಂಬರು, ಆಸ್ಪತ್ರೆಯ ಕೊಠಡಿ, ಹೀಗೆ ಒಬ್ಬರ ಬಗ್ಗೆ ಹತ್ತು ಅಂಕಿ ಕೈಗೆ ಸಿಕ್ಕರೆ ಅದರಲ್ಲಿ ಒಂದಾದರೂ ಎಂಟಕ್ಕೆ ಬಂದು ನಿಲ್ಲುವ ಸಂಭವ ಶೇಕಡಾ 69. ಮೂರರಲ್ಲಿ ಎರಡು ಸಲ ಗೆಲ್ಲುವ ಜೂಜು. ಸೋತ ಸಲ ಯಾರೂ ಮೆಸೇಜು ಕಳಿಸಲ್ಲ, ಅಷ್ಟೇ.

ನಾಗವಲ್ಲಿಯ ಕಥೆಯ ಸಿನಿಮಾ ಮಾಡಿದವರಿಗೆ ಸಾವು ಕಾದಿರುತ್ತೆ ಅನ್ನುವ ‘ನಾಗವಲ್ಲಿ ಶಾಪ’ ಕೂಡ ಇದೇ ಅಚ್ಚಿನಲ್ಲಿ ಎರಕವಾದದ್ದು. ‘ಆಪ್ತಮಿತ್ರ’ ತೆರೆಗೆ ಬರುವುದಕ್ಕೆ ನಾಲ್ಕು ತಿಂಗಳು ಮೊದಲೇ ಸೌಂದರ್ಯ ಹೋದರು. ವಿಷ್ಣುವರ್ಧನ್ ಅದರ ಮುಂದಿನ ಭಾಗ ಮುಗಿಸಿ, ಅದು ಬಿಡುಗಡೆಯಾಗುವ ಮುನ್ನ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು, 59ನೇ ವಯಸ್ಸಿಗೆ. ಎರಡು ಸಾವುಗಳ ನಡುವೆ ಐದೂವರೆ ವರ್ಷಕ್ಕೂ ಹೆಚ್ಚು ಅಂತರ. ಆ ಅಂತರದಲ್ಲಿ ಅವರು ಎಷ್ಟೋ ಬೇರೆ ಚಿತ್ರ ಮಾಡಿದರು. ಅವುಗಳಿಗೆ ಮಾತ್ರ ಶಾಪ ಇಲ್ಲ.

ಶಾಪ ಕಥೆಗೆ ಅಂಟಿದ್ದೇ ಆದರೆ ಮೂಲದಿಂದ ಶುರುವಾಗಬೇಕಿತ್ತಲ್ಲ? ಮೂಲ 1993ರ ಮಲಯಾಳದ ‘ಮಣಿಚಿತ್ರತ್ತಾಳ್’. ಅದರಲ್ಲಿ ನಾಗವಲ್ಲಿಯಾಗಿ ಕುಣಿದ ಶೋಭನಾ ಅವರಿಗೆ ಬಂದದ್ದು ರಾಷ್ಟ್ರಪ್ರಶಸ್ತಿ, ಅವರು ಇವತ್ತಿಗೂ ನಾಟ್ಯ ಮಾಡುತ್ತಿದ್ದಾರೆ. ಗಂಡನ ಪಾತ್ರದ ಸುರೇಶ್ ಗೋಪಿ 2024ರಲ್ಲಿ ಕೇಂದ್ರದಲ್ಲಿ ಮಂತ್ರಿಯಾದರು. ತಮಿಳಿನ ‘ಚಂದ್ರಮುಖಿ’ಯ ರಜನಿಕಾಂತ್, ಜ್ಯೋತಿಕಾ, ಹಿಂದಿಯ ‘ಭೂಲ್ ಭುಲೈಯಾ’ದ ಅಕ್ಷಯ್ ಕುಮಾರ್, ವಿದ್ಯಾ ಬಾಲನ್, ಯಾರಿಗೂ ಏನೂ ಆಗಿಲ್ಲ. ಮಲಯಾಳ ಚಿತ್ರದ ತಿಲಕನ್, ನೆಡುಮುಡಿ ವೇಣು, ಕೆಪಿಎಸಿ ಲಲಿತಾ, ಇನ್ನೊಸೆಂಟ್ ಈಗಿಲ್ಲ ನಿಜ, ಆದರೆ ಎಲ್ಲರೂ ಎಪ್ಪತ್ತು ದಾಟಿ ಹೋದವರು. ನಮ್ಮ ಚಿತ್ರದ ನಿರ್ಮಾಪಕ ದ್ವಾರಕೀಶ್ ಸಾಲದಲ್ಲಿ ಮುಳುಗಿದ್ದಾಗ ಮೇಲೆತ್ತಿದ್ದೇ ಇದೇ ‘ಶಾಪಗ್ರಸ್ತ’ ಸಿನಿಮಾ. ಅವರು ಹೋದದ್ದು 2024ರಲ್ಲಿ, 81ನೇ ವಯಸ್ಸಿಗೆ. ನಾಗವಲ್ಲಿ ಮಲಯಾಳಿಗಳನ್ನೂ ತಮಿಳರನ್ನೂ ಬಿಟ್ಟು, ಸಾಲಗಾರ ನಿರ್ಮಾಪಕನಿಗೆ ದುಡ್ಡು ಮಾಡಿಕೊಟ್ಟು, ಕನ್ನಡದ ಇಬ್ಬರನ್ನೇ ಆರಿಸಿಕೊಂಡಳು ಅಂತ ನಂಬಬೇಕು.

ಸೌಂದರ್ಯ ಅವರಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ಆದದ್ದಕ್ಕೆ ನಾಗವಲ್ಲಿ ಬೇಕಾಗಿಲ್ಲ. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ಸೆಸ್ನಾ ವಿಮಾನ, ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ. ಸಣ್ಣ ವಿಮಾನಗಳಿಗೆ ಅಪಾಯದ ಘಳಿಗೆ ಇದು. ಮೇಲೆ ಎತ್ತರದಲ್ಲಿ ತೊಂದರೆಯಾದರೆ ಮೂತಿ ಕೆಳಗೆ ಮಾಡಿ ವೇಗ ಗಳಿಸಿಕೊಳ್ಳಬಹುದು. ನೆಲಕ್ಕೆ ಹತ್ತಿರವಿದ್ದಾಗ ಅದಕ್ಕೆ ಜಾಗವೇ ಇರಲ್ಲ. ಇಷ್ಟಾದರೂ 2025ರಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ, ತೆಲಂಗಾಣದಲ್ಲಿ ಒಬ್ಬರು ‘ಅದು ಅಪಘಾತವೇ ಅಲ್ಲ, ಜಮೀನಿಗಾಗಿ ಮಾಡಿದ ಕೊಲೆ’ ಅಂತ ದೂರು ಬರೆದುಕೊಟ್ಟರು. ವಾರವಿಡೀ ಟೀವಿಯಲ್ಲಿ ಅದೇ. ಕೊನೆಗೆ ಸೌಂದರ್ಯ ಅವರ ಪತಿಯೇ ಮುಂದೆ ಬಂದು ಇದೆಲ್ಲ ಸುಳ್ಳು ಅಂತ ಹೇಳಿಕೆ ಕೊಡಬೇಕಾಯಿತು. ಹೆಂಡತಿ ಹೋಗಿ ಎರಡು ದಶಕವಾದ ಮೇಲೂ ಆ ಮನುಷ್ಯ ಊರಿಗೆಲ್ಲ ವಿವರಣೆ ಕೊಡಬೇಕೆಂದರೆ, ಇದನ್ನು ಕುತೂಹಲ ಅಂತ ಕರೆಯಲು ಮನಸ್ಸು ಬರಲ್ಲ.

ಪಂಚಕದ ಮಾತನ್ನೂ ಆಡಿಬಿಡೋಣ. ಧನಿಷ್ಠಾ ನಕ್ಷತ್ರದ ಉತ್ತರಾರ್ಧದಿಂದ ರೇವತಿ ಮುಗಿಯುವವರೆಗೆ ಸತ್ತರೆ ದೋಷ, ಮನೆ ಬಿಡಬೇಕು, ಇಲ್ಲದಿದ್ದರೆ ಸಾವು ಬೆನ್ನಿಗೇ ಬರುತ್ತೆ ಅನ್ನುವುದು ನಂಬಿಕೆ. ಹೆಸರಾಂತವರು ಹೋದ ಸಂಜೆಯೇ ಸ್ಟುಡಿಯೋದಲ್ಲಿ ಪಂಚಾಂಗ ಬಿಚ್ಚುತ್ತಾರೆ. ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕೂವರೆ, ಅಂದರೆ ಆರರಲ್ಲಿ ಒಂದು ಪಾಲು. ಚಂದ್ರ ಪ್ರತಿ ತಿಂಗಳೂ ನಾಲ್ಕೂವರೆ ದಿನ ಅಲ್ಲೇ ಇರುತ್ತಾನೆ. ಊರಲ್ಲಿ ಸಾಯುವ ಆರು ಜನರಲ್ಲಿ ಒಬ್ಬರು ಪಂಚಕದಲ್ಲೇ ಸಾಯುತ್ತಾರೆ. ಯುಗಾದಿಯ ‘ಈ ವರ್ಷ ಗಣ್ಯರೊಬ್ಬರ ಸಾವು’ ಅನ್ನುವ ಭವಿಷ್ಯದ ಬಗ್ಗೆ ಏನು ಹೇಳುವುದು? ಗಣ್ಯರು ಸಾಯದ ವರ್ಷ ಯಾವುದಿತ್ತು? ಹಾಲು ತುಪ್ಪದ ದಿನ ಎಡೆಯನ್ನು ಕಾಗೆ ಮುಟ್ಟಲಿಲ್ಲ, ಏನೋ ಆಸೆ ಉಳಿದಿತ್ತು ಅಂತ ಕೊರಗುವವರೂ ಇದ್ದಾರೆ. ಸುತ್ತ ಸಾವಿರ ಜನ, ತಲೆ ಮೇಲೆ ಡ್ರೋನು ಇದ್ದರೆ ಕಾಗೆ ಹೇಗೆ ಇಳಿಯುತ್ತೆ ಹೇಳಿ.

‘ಅವರಿಗೆ ಮೊದಲೇ ಗೊತ್ತಿತ್ತು’ ಅನ್ನುವ ವಿಡಿಯೋಗಳದ್ದು ಇನ್ನೂ ಸುಲಭದ ಕೆಲಸ. ಪುನೀತ್ ಅವರ ಕೊನೆಯ ಟ್ವೀಟು ಅಂದು ಬೆಳಿಗ್ಗೆ ಬಿಡುಗಡೆಯಾಗುತ್ತಿದ್ದ ಅಣ್ಣನ ಸಿನಿಮಾಕ್ಕೆ ಶುಭಾಶಯ. ಅದರಲ್ಲಿ ಮುನ್ಸೂಚನೆ ಹುಡುಕಿದರೂ ಸಿಗಲ್ಲ. ಹಾಗಾಗಿ ಹಿಂದಕ್ಕೆ ಹೋದರು. ಕೈಗೂಸಾಗಿದ್ದಾಗಿನಿಂದ ಕ್ಯಾಮೆರಾ ಮುಂದಿದ್ದವರು ಅವರು, ಸಿನಿಮಾ, ಟೀವಿ ಕಾರ್ಯಕ್ರಮ, ಸಂದರ್ಶನ ಎಲ್ಲ ಸೇರಿದರೆ ರಾಶಿ. ಯಾವುದೇ ನಾಯಕನಟನ ರಾಶಿಯಲ್ಲಿ ಸಾವಿನ ಬಗ್ಗೆ ಹತ್ತಾರು ಮಾತು ಇದ್ದೇ ಇರುತ್ತವೆ. ಒಂದನ್ನು ಕತ್ತರಿಸಿ, ಹಿಂದೆ ಕೊಳಲು ಹಾಕಿದರೆ ಮುಗಿಯಿತು.

ಇವೆಲ್ಲ ಹೆಚ್ಚೆಂದರೆ ಕಾಲಹರಣ. ನಿಜವಾದ ಹಾನಿ ಮಾಡುವುದು ವೈದ್ಯಕೀಯ ಊಹಾಪೋಹ. 2021ರ ಅಕ್ಟೋಬರ್ 29ರಂದು ಪುನೀತ್ ಅವರನ್ನು ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆಗೆ ಕರೆದೊಯ್ದಿದ್ದರು, ಸಾವಿನ ಘೋಷಣೆ ಆದದ್ದು ಎರಡೂವರೆ ಸುಮಾರಿಗೆ. ನಡುವಿನ ಆ ಹೊತ್ತಿನಲ್ಲಿ ‘ಮುಚ್ಚಿಡುತ್ತಿದ್ದಾರೆ’ ಅನ್ನುವ ಮಾತು ಹುಟ್ಟಿತು. ಹೃದಯ ನಿಂತು ಬಂದವರಿಗೆ ಮೊದಲು ಎದೆ ಒತ್ತುವುದು, ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಾಲಿನ್ ಕೊಡುವುದು ನಡೆಯುತ್ತೆ. ಇಸಿಜಿ ಗೆರೆ ಪೂರ್ತಿ ನೇರವಾಗಿದ್ದರೆ ಸಿನಿಮಾದಲ್ಲಿ ತೋರಿಸುವ ಕರೆಂಟ್ ಶಾಕ್ ಕೆಲಸಕ್ಕೆ ಬರಲ್ಲ. ಅದು ಬೇಕಾಗುವುದು ಹೃದಯ ಅಡ್ಡಾದಿಡ್ಡಿ ಅದುರುತ್ತಿದ್ದಾಗ. ಇದಾದ ಮೇಲೆ ಮನೆಯವರಿಗೆ ಹೇಳಬೇಕು, ಪೊಲೀಸರು ಬಂದೋಬಸ್ತು ಮಾಡಿಕೊಳ್ಳಬೇಕು. 2006ರಲ್ಲಿ ರಾಜಣ್ಣ ಹೋದಾಗ ಬೆಂಗಳೂರಲ್ಲಿ ಗಲಭೆಯಾಗಿ ಒಬ್ಬ ಪೊಲೀಸ್ ಸೇರಿ ಹಲವರು ಸತ್ತಿದ್ದನ್ನು ಯಾವ ಸರ್ಕಾರವೂ ಮರೆಯಲ್ಲ.

ಆಮೇಲೆ ಸಿಟ್ಟು ತಿರುಗಿದ್ದು ಕುಟುಂಬ ವೈದ್ಯರ ಕಡೆಗೆ. ಅವರ ಮನೆಗೂ ಕ್ಲಿನಿಕ್‌ಗೂ ಪೊಲೀಸ್ ಕಾವಲು ಹಾಕಬೇಕಾಯಿತು. ಜಿಮ್‌ಗೆ ಹೋಗುತ್ತಿದ್ದವರು ನಿಲ್ಲಿಸಿದರು, ಜಯದೇವ ಆಸ್ಪತ್ರೆಯ ಮುಂದೆ ಆರೋಗ್ಯವಾಗಿದ್ದವರ ಸಾಲು ಬೆಳೆಯಿತು. ‘ಅಷ್ಟು ಗಟ್ಟಿಮುಟ್ಟಾಗಿದ್ದವರು ಹೇಗೆ ಹೋದರು?’ ಅನ್ನುವ ಪ್ರಶ್ನೆ ಸಹಜವೇ. ಉತ್ತರವೂ ಇದೆ. ಅಪ್ಪು ವಿಷಯದಲ್ಲಿ ಇದೇ ಆಯಿತು ಅಂತ ಹೊರಗಿನವರು ಹೇಳುವಂತಿಲ್ಲ, ಆದರೆ ಸಾಮಾನ್ಯವಾಗಿ ಆಗುವುದು ಹೀಗೆ: ಹೃದಯದ ರಕ್ತನಾಳ ಶೇಕಡಾ 70ಕ್ಕೂ ಹೆಚ್ಚು ಕಿರಿದಾಗಿದ್ದರೆ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಆದರೆ ಅರ್ಧಕ್ಕಿಂತ ಕಡಿಮೆ ಅಡ್ಡಿ ಮಾಡಿರುವ ಮೆತ್ತನೆ ಕೊಬ್ಬಿನ ಗಂಟು ಯಾವ ತೊಂದರೆಯನ್ನೂ ತೋರಿಸದೆ ಕೂತಿರುತ್ತೆ. ಒಂದು ದಿನ ಅದರ ಮೇಲಿನ ತೆಳು ಪೊರೆ ಹರಿಯುತ್ತೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತೆ. ಹಿಂದಿನ ದಿನ ಟ್ರೆಡ್‌ಮಿಲ್ ಓಡಿ ಪಾಸಾಗಿರಬಹುದು. ಎದೆನೋವು ಶುರುವಾದಾಗ ತೆಗೆದ ಮೊದಲ ಇಸಿಜಿ ಕೂಡ ಸರಿಯಾಗಿಯೇ ಕಾಣಬಹುದು, ಅದಕ್ಕೇ ಹದಿನೈದು ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯುವುದು. ‘ಇಸಿಜಿ ನಾರ್ಮಲ್ ಅಂದರಲ್ಲ, ಹಾಗಾದರೆ ಡಾಕ್ಟರ್ ಸುಳ್ಳು’ ಅನ್ನುವವರಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತು.

ಅಸಹಜ ಸಾವಾದರೆ ಊಹೆಗೆ ಇನ್ನೂ ಹೆಚ್ಚು ಸಮಯ ಸಿಗುತ್ತೆ. ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲು, ಪಂಚನಾಮೆ, ಪೋಸ್ಟ್‌ಮಾರ್ಟಂ. ವರದಿಯಲ್ಲಿ ‘ಸಾವಿನ ಕಾರಣವನ್ನು ರಾಸಾಯನಿಕ ಪರೀಕ್ಷೆಯ ನಂತರ ತಿಳಿಸಲಾಗುವುದು’ ಅಂತ ಒಂದು ಸಾಲು. ಟೀವಿಯವರು ಇದನ್ನೇ ‘ವೈದ್ಯರಿಗೇ ಅನುಮಾನ’ ಅಂತ ಓದುತ್ತಾರೆ. ಅದು ಮಾಮೂಲಿ ಕ್ರಮ. ಜಠರ ಅದರೊಳಗಿನ ಆಹಾರ ಸಮೇತ, ಸಣ್ಣಕರುಳಿನ ಮೇಲ್ಭಾಗದ ಸುಮಾರು ಒಂದಡಿ, ಲಿವರ್‌ನ ಒಂದು ತುಂಡು, ಎರಡೂ ಕಿಡ್ನಿಯ ಅರ್ಧರ್ಧ, ಇವನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಅಡುಗೆ ಉಪ್ಪಿನ ಗಾಢ ದ್ರಾವಣ ತುಂಬಿ, ಅರಗಿನ ಮುದ್ರೆ ಒತ್ತಿ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಾಟಲಿಯನ್ನು ಮೂರರಲ್ಲಿ ಎರಡು ಪಾಲಿನಷ್ಟೇ ತುಂಬುವುದು, ಇಲ್ಲದಿದ್ದರೆ ಒಳಗೆ ಅನಿಲ ಹುಟ್ಟಿ ಒಡೆಯಬಹುದು. ಅಲ್ಲಿ ಅದು ತನ್ನ ಸರದಿಗಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತೆ. ಷಡ್ಯಂತ್ರ ಅಂತ ಕರೆಯುವುದು ಬಹಳ ಸಲ ಈ ಸರದಿಯನ್ನೇ. ಪೊಲೀಸರು ಮೊದಲ ದಿನವೇ ‘ವರದಿಗೆ ಇಷ್ಟು ಸಮಯ ಹಿಡಿಯುತ್ತೆ, ಅದು ಎಲ್ಲ ಪ್ರಕರಣಕ್ಕೂ ಹೀಗೇ’ ಅಂತ ಎರಡು ವಾಕ್ಯ ಹೇಳಿದರೆ ಅರ್ಧ ಚರ್ಚೆ ಅಲ್ಲೇ ನಿಲ್ಲುತ್ತಿತ್ತು. ಹೇಳಲ್ಲ.

ಕಣ್ಣಿನ ವಿಷಯದಲ್ಲೂ ಒಂದು ಹಳೆಯ ಭಯವಿದೆ: ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ, ಮುಖ ವಿಕಾರವಾಗುತ್ತೆ. ಇದನ್ನು ನಮ್ಮಲ್ಲಿ ಯಾವ ಭಾಷಣಕ್ಕಿಂತ ಹೆಚ್ಚಾಗಿ ಅಲುಗಾಡಿಸಿದ್ದು ರಾಜ್‌ಕುಮಾರ್ ಮನೆತನದ ಸಾವುಗಳೇ. 2006ರಲ್ಲಿ ಅಪ್ಪ ಕೊಟ್ಟರು, 2021ರಲ್ಲಿ ಮಗ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು (ಕಣ್ಣಿನ ಮುಂದಿನ ಪಾರದರ್ಶಕ ಬಿಲ್ಲೆ) ನಾರಾಯಣ ನೇತ್ರಾಲಯದಲ್ಲಿ ಪದರ ಪದರವಾಗಿ ಬಿಡಿಸಿದರು. ಮುಂದಿನ ಪದರ ಕೆಟ್ಟಿದ್ದ ಇಬ್ಬರಿಗೆ ಮುಂದಿನದು, ಒಳಪದರ ಕೆಟ್ಟಿದ್ದ ಇಬ್ಬರಿಗೆ ಒಳಗಿನದು. ಎರಡು ಕಣ್ಣು, ನಾಲ್ಕು ಜನ.

ಆ ದಿನ 17ನ್ನು ಕೂಡಿಸುತ್ತಿದ್ದವರಿಗೆ ಗೊತ್ತಿಲ್ಲದ ಲೆಕ್ಕವೊಂದು ಇಲ್ಲಿ ನಡೆಯುತ್ತಿರುತ್ತೆ: ಆರು ಗಂಟೆ. ಉಸಿರು ನಿಂತ ಆರು ಗಂಟೆಯೊಳಗೆ ತೆಗೆಯಬೇಕು. ತೆಗೆಯಲು ಹಿಡಿಯುವುದು ಹದಿನೈದು ಇಪ್ಪತ್ತು ನಿಮಿಷ. ಈಗ ಸಾಮಾನ್ಯವಾಗಿ ಇಡೀ ಗುಡ್ಡೆ ತೆಗೆಯಲ್ಲ, ಮುಂದಿನ ಪಾರದರ್ಶಕ ಬಿಲ್ಲೆ ಮತ್ತು ಅದರ ಅಂಚಿನ ಬಿಳಿಭಾಗ ಅಷ್ಟೇ. ಮುಖ ಮೊದಲಿದ್ದಂತೆಯೇ ಇರುತ್ತೆ, ದರ್ಶನಕ್ಕೆ ಇಟ್ಟರೂ ಯಾರಿಗೂ ಗೊತ್ತಾಗಲ್ಲ. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯವರು, ಕಣ್ಣಿನ ಪೊರೆಯ ಆಪರೇಷನ್ ಆದವರು ಎಲ್ಲರೂ ಕೊಡಬಹುದು. ಮನೆಯಲ್ಲಿ ಸಾವಾದರೆ, ನೇತ್ರ ಬ್ಯಾಂಕಿನವರು ಬರುವವರೆಗೆ ಮಾಡಬೇಕಾದ್ದು ಇಷ್ಟೇ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ಆರಿಂಚು ಎತ್ತರಕ್ಕೆ ದಿಂಬು ಕೊಡಿ, ತೆಗೆಯುವಾಗ ರಕ್ತ ಒಸರುವುದು ಕಡಿಮೆಯಾಗುತ್ತೆ. ಏಸಿ ಇದ್ದರೆ ಹಾಕಿ. ಬಂದವರಿಗೆ ಸೆಖೆಯಾದರೂ ಪರವಾಗಿಲ್ಲ, ಫ್ಯಾನು ಮಾತ್ರ ಆರಿಸಿ, ಗಾಳಿಗೆ ಕಾರ್ನಿಯಾ ಒಣಗಿಬಿಡುತ್ತೆ.